ಗಾಲಿ ಮುಂದಿನ ಕಲ್ಲು

ಅಕ್ಕಲಕೋಟದ ಎಸ್.ಟಿ. ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಸುಟ್ಟ ಟಾಯರು ಹಿಡಿದು ನಿಂತಿದ್ದವನು ನಮ್ಮ ಓಣಿಯ ಟ್ಯಾಕ್ಸಿ ಡ್ರೈವರ್ ಶಿವರಾಯ. ನಿನ್ನೆ ಅವನ ಗಾಡಿಯಲ್ಲೇ ಮಗಳನ್ನು ಗಂಡನ ಮನೆಗೆ ಕಳಿಸಿದ್ದ ಹಿರಾಬಾಯಿ ಪಕ್ಕದಲ್ಲಿದ್ದಳು.

“ಟಾಯರ್ ಪೂರಾ ಹೋತೇನೋ?” ಹಿರಾಬಾಯಿ ಅವನನ್ನು ಕೇಳಿದಳು.

“ಹೋತ್ರಿ ಅಕ್ಕಾರ. ನಿನ್ನೆ ನಿಮ್ಮ ಮನಿ ಮುಂದ ಹೊಂಡೂವಾಗ ಮುಂದಿನ ಬ್ರೇಕ್ ಹಿಡದಾವ ಅಂತ ತಿಳದು ಇಂಜಿನ್ ಇನ್ನೂ ಜೋರ ಮಾಡಿದೆ. ಗಾಡಿ ಸರೀಲಿಲ್ಲ. ಹಿಂದಿನ ಗಾಲಿ ನಿಂತಲ್ಲೇ ತಿರಗಿ ಹೊಗಿ ಬಂತು.”

“ಬ್ರೇಕ್ ಹಿಡದಿತ್ತೇನು?”

“ಇಲ್ರಿ. ಮುಂದಿನ ಗಾಲಿಗೆ ಯಾರೋ ಕಲ್ಲು ಕೊಟ್ಟಿದ್ರು.”

“ನಾನ ಕೊಟ್ಟಿದ್ದೆ. ಮಗಳು ಇನ್ನೊಂದು ಗಳಿಗಿ ಇರ್ಲಿ ಅಂತ.”

“ಗೊತ್ತೈತ್ರಿ. ಕಲ್ಲಿಗೆ ಉಡಿ ತುಂಬಿದ ಕೈಯ ಅರಿಷಿಣ ಹತ್ತಿತ್ತು.”

“ಗಾಡಿ ಮಾಲಕ್ರಿಗೆ ಏನ ಹೇಳ್ತಿಯಪ್ಪಾ?”

“ಬ್ರೇಕ್ ಹಿಡದಿತ್ತು ಅಂತೀನ್ರಿ. ಬಸ್ ಬಂತು, ನೀವು ಮೊದಲ ಹತ್ರಿ.”