ಗಂಟು ಗುರುತಿಸುವ ಯಜಮಾನ

ಶರಣ ಬಂಧುಗಳೇ, ಹುಲಿಗೆ ಹೆದರುವುದು, ಹಾವಿಗೆ ಹೆದರುವುದು ಶರೀರಧರ್ಮ. ಅದನ್ನು ಯಾರೂ ತಪ್ಪೆನ್ನಲಾರರು. ಇಂದು ನಾನು ಹೇಳಹೊರಟಿರುವುದು ಬೇರೊಂದು ಹೆದರಿಕೆಯ ಮಾತು. ಅದು ಹಾಡುಹಗಲಿನಲ್ಲಿ, ನಾಲ್ಕು ಜನರ ನಡುವೆ ನಾವು ನಗುತ್ತ ನಿಂತಿರುವಾಗಲೇ ಒಳಹೊಕ್ಕು ಕೂಡುತ್ತದೆ. ಹೇಗೆಂದು ಕೇಳಿ.

ನೇಕಾರರ ಒಂದೂರಿನಲ್ಲಿ ಒಬ್ಬ ನ್ಯಾಯದ ಯಜಮಾನನಿದ್ದನು. ಆ ಊರಿನ ಯಾರದೇ ದೂರು ಮೇಲಿನ ನ್ಯಾಯಾಲಯಕ್ಕೆ ಹೋಗಬೇಕಾದರೆ ಅದರ ಮೇಲೆ ಅವನ ಮುದ್ರೆ ಬೀಳಬೇಕು. ಬಿದ್ದರೆ ಅದು ದೂರು. ಬೀಳದಿದ್ದರೆ ಬರಿಯ ಕಾಗದ. ಮೂರು ವರ್ಷ ಹಾಗೆಯೇ ಉಳಿದರೆ ಆ ಕಾಗದವೂ ರದ್ದು. ಎಂಥ ಅಧಿಕಾರ ನೋಡಿ! ಕೊಡದೆ ಸುಮ್ಮನಿರುವುದೇ ಒಂದು ಅಧಿಕಾರ.

ಈ ಯಜಮಾನನ ಮೇಲೆ ಅಪವಾದಗಳು ಒಂದೆರಡಲ್ಲ. ಬಣ್ಣದ ಕಾರ್ಖಾನೆಯ ಸಾಹುಕಾರನಿಗೂ ಅವನಿಗೂ ಗಳಸ್ಯ ಕಂಠಸ್ಯ. ಸಾಹುಕಾರನ ವಿರುದ್ಧ ಬಂದ ದೂರಿಗೆ ಮುದ್ರೆ ಬೀಳುತ್ತಿರಲಿಲ್ಲ. ಯಜಮಾನನ ಕೈಕೆಳಗಿನ ಮೂವರು ಗುಮಾಸ್ತರೇ ಒಂದಾಗಿ ಹಿರಿಯರ ಮುಂದೆ ಇದನ್ನು ಹೇಳಿದರು. ಆ ಸಂಜೆಯೇ ಮೂವರೂ ಕೆಲಸ ಕಳೆದುಕೊಂಡರು. ವಿಚಾರಣೆಯೆಂದರು, ಮುಂದೂಡಿದರು, ಮತ್ತೆ ವಿಚಾರಣೆಯೆಂದರು, ಮತ್ತೆ ಮುಂದೂಡಿದರು. ಕಡೆಗೆ ಊರು ಏನೆಂದಿತು ಗೊತ್ತೆ? “ಅದೇನ್ ಹೊಸಾದಲ್ಲ ಬಿಡ್ರಿ.” ತಪ್ಪು ಹಳೆಯದಾದರೆ ತಪ್ಪಲ್ಲದಂತಾಗುತ್ತದೆಯೆ? ಆ ಊರಿನಲ್ಲಿ ಆಯಿತು.

ಅದೇ ಕಾರ್ಖಾನೆಯಲ್ಲಿ ಕುದಿಯುವ ಬಣ್ಣದ ಕಡಾಯಿಯೊಂದಿತ್ತು. ಅದರ ಸುತ್ತ ತಡೆಗೋಡೆಯಿರಲಿಲ್ಲ. ಒಬ್ಬ ಕೂಲಿಕಾರ ಕಾಲು ಜಾರಿ ಅದರೊಳಗೆ ಬಿದ್ದು ತೀರಿಕೊಂಡನು. ಅವನ ಹೆಂಡತಿ ಮನೆಮನೆಗೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುವವಳು. ಆಕೆ ದೂರು ಬರೆಸಿ ಯಜಮಾನನಿಗೆ ಕೊಟ್ಟು ಎರಡು ವರ್ಷ ಹತ್ತು ತಿಂಗಳಾಗಿತ್ತು. ಮುದ್ರೆ ಬಿದ್ದಿರಲಿಲ್ಲ. ಉಳಿದದ್ದು ಎರಡೇ ತಿಂಗಳು. ಅಷ್ಟರಲ್ಲಿ ಯಜಮಾನ ಬದಲಾದರೆ ಗಂಡನ ಸಾವಿಗೆ ವಿಚಾರಣೆ. ಇಲ್ಲವಾದರೆ ಎಂದೆಂದಿಗೂ ಇಲ್ಲ.

ಆಗಲೇ ಆಯ್ಕೆಯ ದಿನ ಬಂದಿತು. ಊರಿನಲ್ಲಿ ಪಕ್ಷಗಳು ಎರಡಿದ್ದರೂ ಗೆಲ್ಲುವುದು ಯಾವಾಗಲೂ ನೇಕಾರರ ಪಕ್ಷವೇ. ಆದುದರಿಂದ ಆ ಪಕ್ಷದ ನಾನೂರ ಇಪ್ಪತ್ತು ಮನೆಗಳು ತಮ್ಮೊಳಗೆ ಯಾರನ್ನು ಆರಿಸುತ್ತವೆಯೋ ಅವನೇ ಯಜಮಾನ. ಹೊರಗಿನ ಚುನಾವಣೆ ಹೆಸರಿಗೆ ಮಾತ್ರ. ಅವರ ಪದ್ಧತಿ ಚೆಂದದ್ದು. ಮನೆಗೊಂದು ಮೊಳ ಬಿಳಿಯ ನೂಲು. ಅದರ ಎರಡು ತುದಿ ಸೇರಿಸಿ ಗಂಟು ಹಾಕಿ ಬಳೆಯಂತೆ ಮಾಡಿ, ಪರದೆಯ ಹಿಂದೆ, ತಮಗೆ ಬೇಕಾದವನ ಗಡಿಗೆಯಲ್ಲಿ ಹಾಕಬೇಕು. ನೂಲಿಗೆ ಬಣ್ಣವಿಲ್ಲವೇಕೆ? ಯಾರದೆಂದು ಯಾರಿಗೂ ತಿಳಿಯಬಾರದೆಂದು. ಗಂಡಸಿಲ್ಲದ ಮನೆಯ ನೂಲನ್ನು ಹೆಂಗಸು ಹಾಕಬೇಕು. ಒಮ್ಮೆ ಅಭ್ಯರ್ಥಿಗಳಾಗಿ ನಿಂತವರ ಮನೆಯವರು ಹಾಕುವಂತಿಲ್ಲ; ಆ ಮನೆಗಳನ್ನು ಬಿಟ್ಟೇ ನಾನೂರ ಇಪ್ಪತ್ತು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಕಡೆಯವನನ್ನು ಬಿಟ್ಟು, ಉಳಿದ ಇಬ್ಬರ ನಡುವೆ ಎಂಟು ದಿನಕ್ಕೆ ಮತ್ತೊಮ್ಮೆ.

ಮೊದಲ ಸಲ ಮೂವರು ನಿಂತರು. ಯಜಮಾನನಿಗೆ ನೂರ ಎಪ್ಪತ್ತೆಂಟು, ಶಾಲೆಯ ಮಾಸ್ತರನಿಗೆ ನೂರ ಐವತ್ತೊಂದು, ಎಣ್ಣೆ ಅಂಗಡಿಯವನಿಗೆ ತೊಂಬತ್ತೊಂದು. ಅಂದರೆ ಇನ್ನೂರ ನಲವತ್ತೆರಡು ಮನೆಗಳಿಗೆ ಆ ಯಜಮಾನ ಬೇಡವಾಗಿದ್ದನು. ಆ ದಿನ ಊರು ನಿರ್ಭಯವಾಗಿತ್ತು, ನಿಜವನ್ನೇ ನುಡಿದಿತ್ತು. ಇನ್ನು ಎಂಟು ದಿನ ಹಾಗೆಯೇ ಇದ್ದಿದ್ದರೆ ಸಾಕಾಗಿತ್ತು. ಎಂಟೇ ದಿನ.

ಆ ಎಂಟು ದಿನಗಳಲ್ಲಿ ಯಜಮಾನ ಯಾರನ್ನೂ ಬೈಯಲಿಲ್ಲ, ಹೊಡೆಸಲಿಲ್ಲ. ಉಳಿದಿಬ್ಬರ ಗಡಿಗೆಗಳಲ್ಲಿ ಬಿದ್ದು ಎಣಿಸಿ ಮುಗಿದ ನೂಲುಗಳನ್ನೆಲ್ಲ ತರಿಸಿಕೊಂಡು ಊರ ಕಟ್ಟೆಯ ಮೇಲೆ ಕುಳಿತನು. ಒಂದೊಂದು ನೂಲನ್ನೂ ಬೆಳಕಿಗೆ ಹಿಡಿದು ಗಂಟನ್ನು ನೋಡತೊಡಗಿದನು. ಅಷ್ಟೇ. ನೇಕಾರನ ಬೆರಳು ಹಾಕಿದ ಗಂಟು ಅವನ ಸಹಿಯಿದ್ದಂತೆ. ಒಬ್ಬನದು ಬಲಕ್ಕೆ ಹೊರಳುತ್ತದೆ, ಒಬ್ಬನದು ಎಡಕ್ಕೆ, ಒಬ್ಬನದು ಸಾಸಿವೆಯಷ್ಟು, ಒಬ್ಬನದು ಜೋಳದಷ್ಟು. ಇದು ಆ ಊರಿನ ಎಲ್ಲರಿಗೂ ಗೊತ್ತಿತ್ತು.

ಕಂಡಿಕೆ ಸುತ್ತುವವಳಿಗೆ ಒಬ್ಬ ಅಣ್ಣ ಪಕ್ಕದ ಮನೆಯಲ್ಲೇ ಇದ್ದನು. ಅವನು ಕಟ್ಟೆಯ ಮುಂದೆ ಹಾಯುವಾಗ ಯಜಮಾನ ಕರೆದು ಮಗ್ಗದ ಕುಶಲ ಕೇಳಿದನು, ಮಗನ ಮದುವೆಯ ಸುದ್ದಿ ಕೇಳಿದನು. ಆಮೇಲೆ ಮೆಲ್ಲಗೆ, “ಅಲ್ಲೋ ತಮ್ಮಾ, ನಿಮ್ಮ ಮನಿ ಗಂಟು ಎಡಕ್ಕ ಹೊಳ್ಳತೈತಲ್ಲ?” ಎಂದನು.

“ನಮ್ಮಪ್ಪ ಕಲಿಸಿದ್ದರೀ, ಯಜಮಾನ್ರ.”

“ಅಪ್ಪ ಕಲಿಸಿದ್ದು ಮರೀಬಾರದಪಾ. ನಾನೂ ಮರೆಯಂಗಿಲ್ಲ.”

ಇದರಲ್ಲಿ ಬೆದರಿಕೆಯ ಶಬ್ದ ಯಾವುದಿದೆ? ಹುಡುಕಿ, ಸಿಕ್ಕದು. ಆದರೆ ಅಣ್ಣ ಮನೆ ಸೇರುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು. ಆ ಮಾತು ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯಿತು. ಯಜಮಾನನಿಗೆ ನೂರು ಮನೆಯ ಗಂಟು ಗೊತ್ತಂತೆ ಎಂದರು. ಸಂಜೆಗೆ ಇನ್ನೂರು ಎಂದರು. ಮರುದಿನ, ಎಲ್ಲವೂ ಗೊತ್ತಂತೆ ಎಂದರು. ಹೇಳಿದವರು ಯಾರು? ಯಜಮಾನನ ಕಡೆಯವರಲ್ಲ. ಹೆದರಿದವರೇ.

ಈಗ ಒಂದು ಮಾತು, ಗಮನವಿಟ್ಟು ಕೇಳಿ. ಯಜಮಾನನಿಗೆ ಯಾರ ಗಂಟೂ ತಿಳಿಯುತ್ತಿರಲಿಲ್ಲ. ಅವನು ಮಗ್ಗ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಕಣ್ಣು ಮಂಜಾಗಿತ್ತು. ಅಣ್ಣನ ಮನೆತನ ಎಡಗೈಯವರದೆಂದು ಬಲ್ಲವನಾದ್ದರಿಂದ ಆ ಒಂದು ಕಲ್ಲನ್ನು ಕತ್ತಲಲ್ಲಿ ಎಸೆದಿದ್ದನು. ಗಂಟನ್ನು ನಿಜವಾಗಿ ಗುರುತಿಸಬಲ್ಲವರು ಆ ನೇಕಾರರೇ. ತಮ್ಮ ಕಣ್ಣಿನ ಶಕ್ತಿಯನ್ನು ಅವನ ಕಣ್ಣಿಗೆ ಹೊರಿಸಿ, ಅದಕ್ಕೇ ಅವರು ನಡುಗಿದರು.

ತಂಗಿ ಬಂದು, ನೂಲನ್ನು ಯಾರಿಗೆ ಹಾಕುತ್ತೀ ಎಂದು ಅಣ್ಣನನ್ನು ಕೇಳಿದಳು. ಅವನು ಆಕೆಯ ಮುಖ ನೋಡದೆ, ಲಾಳಿಯನ್ನು ತಿರುವುತ್ತ, “ಮಾಸ್ತರಗ ಹಾಕ್ತೀನವ್ವ. ನಿನ್ನ ಗಂಡ ನನಗ ತಮ್ಮ ಇದ್ದಂಗ ಇದ್ದ” ಎಂದನು. ಸುಳ್ಳಾಡಿದನೆ? ಆ ಗಳಿಗೆಯಲ್ಲಿ ಅವನಿಗೂ ಅದು ನಿಜವೇ ಆಗಿತ್ತು. ಆಕೆ ಹಾಗೆಯೇ ಮೂವತ್ತು ಮನೆಗಳಿಗೆ ಹೋದಳು. ಎಲ್ಲರೂ ಹೂಂ ಎಂದರು.

ಎಂಟನೆಯ ದಿನ ನೂಲು ಹಾಕಿದರು. ಮಧ್ಯಾಹ್ನ ಎಲ್ಲರ ಎದುರಿಗೆ ಯಜಮಾನನ ಗಡಿಗೆಯನ್ನು ಚಾಪೆಯ ಮೇಲೆ ಸುರುವಿದರು. ರಾಶಿಯಾಯಿತು. ಎಣಿಸಿದ ಹಿರಿಯನು ಎಣಿಕೆ ತಪ್ಪಿತೆಂದು ಮತ್ತೆ ಎಣಿಸಿದನು. ನಾನೂರ ಹತ್ತೊಂಬತ್ತು. ಮಾಸ್ತರನ ಗಡಿಗೆಯನ್ನು ಬೋರಲು ಹಾಕಿದರು, ಏನೂ ಬೀಳಲಿಲ್ಲ. ಹಿರಿಯನು ಒಳಗೆ ಕೈಯಾಡಿಸಿ, ತಳಕ್ಕೆ ಅಂಟಿದ್ದ ಒಂದೇ ಒಂದು ನೂಲನ್ನು ಹೊರಗೆ ತೆಗೆದನು.

ಆಗ ಏನಾಯಿತು ಬಲ್ಲಿರಾ? ಅದು ತನ್ನದಲ್ಲವೆಂದು ನಾನೂರ ಹತ್ತೊಂಬತ್ತು ಜನರಿಗೂ ಗೊತ್ತಿತ್ತು. ಎಲ್ಲರ ತಲೆಗಳೂ ಒಟ್ಟಿಗೆ ಒಂದೇ ಕಡೆಗೆ ತಿರುಗಿದವು. ಅಲ್ಲಿ ಆ ಕಂಡಿಕೆಯವಳು ನಿಂತಿದ್ದಳು.

ಯಜಮಾನ ಆ ನೂಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ಇದಕ್ಕ ಗಂಟು ನೋಡೋದು ಬ್ಯಾಡ ಬಿಡ್ರಿ” ಎಂದು ನಕ್ಕನು.

ಆಕೆ ಅವನ ಕಡೆ ನೋಡಲೇ ಇಲ್ಲ. “ಅಣ್ಣಾ, ನಿನ್ನ ನೂಲು ಎಲ್ಲೈತಿ?” ಎಂದು ಕೇಳಿದಳು. ಅಣ್ಣ ಜನರ ನಡುವೆ ನುಸುಳಿ ಮನೆಯ ಕಡೆ ಹೊರಟನು. ಬಹಳ ದಿನಗಳ ಮೇಲೆ ಹೆಂಡತಿಯ ಮುಂದೆ ಹೇಳಿಕೊಂಡನಂತೆ: “ಉಳಿದವ್ರು ಹಾಕ್ತಾರಂತ ತಿಳಿದಿದ್ನಿ. ನಂದೊಂದು ಇಲ್ಲಂದ್ರ ಏನಾದೀತು ಅಂದ್ಕೊಂಡ್ನಿ.” ಪ್ರತಿಯೊಬ್ಬನೂ ಹಾಗೆಯೇ ತಿಳಿದಿದ್ದನು. ಬಿಳಿಯ ನೂಲು ಮರೆಯಾಗುವುದು ಬೇರೆ ನೂಲುಗಳ ನಡುವೆ. ಅವರು ತಮ್ಮ ತಮ್ಮ ನೂಲನ್ನು ಹಿಂದಕ್ಕೆ ಸೆಳೆದುಕೊಂಡರು. ಆಕೆ ಬಯಲಲ್ಲಿ ಒಬ್ಬಳೇ ಉಳಿದಳು.

ಎರಡು ತಿಂಗಳು ಕಳೆದು ದೂರು ರದ್ದಾಯಿತು. ಆಕೆಗೆ ಕಂಡಿಕೆ ಸುತ್ತಲು ನೂಲು ಕೊಡುವವರಿಲ್ಲವಾದರು. ಕೊಟ್ಟರೆ ಯಜಮಾನ ಏನೆಂದುಕೊಂಡಾನೋ ಎಂಬ ಭಯ. ಒಂದು ಮುಂಜಾನೆ ಆಕೆ ಊರು ಬಿಟ್ಟಳು. ಆ ಕಡಾಯಿಗೆ ಇಂದಿಗೂ ತಡೆಗೋಡೆಯಿಲ್ಲ. ಅಣ್ಣನ ಮಗ ಈಗ ಅಲ್ಲಿ ಕೂಲಿಗೆ ಹೋಗುತ್ತಾನೆ. ಮಗ ಬರುವುದು ಅರ್ಧ ಗಳಿಗೆ ತಡವಾದರೂ ಆ ತಂದೆ ಬೀದಿಗೆ ಬಂದು ನಿಲ್ಲುತ್ತಾನೆ. ಯಜಮಾನನಿಗೆ ಹೆದರಿದವನು ಈಗ ಪ್ರತಿ ಸಂಜೆಗೂ ಹೆದರುತ್ತಾನೆ.

ಇದು ಆ ಊರಿನ ಕಥೆಯೆಂದು ನಿಟ್ಟುಸಿರುಬಿಟ್ಟು ಏಳಬೇಡಿ. ಹೋದ ತಿಂಗಳು ನಿಮ್ಮ ಶಾಲೆಯ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, ಮಕ್ಕಳ ಊಟದ ಅಕ್ಕಿಯಲ್ಲಿ ಹುಳುವಿದೆ ಎಂದಳಲ್ಲವೆ? ಇನ್ನಾರಾದರೂ ಕಂಡಿದ್ದೀರಾ ಎಂದು ಅಧ್ಯಕ್ಷರು ಕೇಳಿದಾಗ ನೀವೆಲ್ಲ ಎಲ್ಲಿ ನೋಡುತ್ತಿದ್ದಿರಿ? ನೆಲವನ್ನು. ನಾನು ಹಿಂದೆಯೇ ಕುಳಿತಿದ್ದೆ. ಹಿರಿಯನೆನ್ನಿಸಿಕೊಂಡ ನಾನೂ ನೆಲವನ್ನೇ ನೋಡಿದೆ. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳದೆ ಈ ಪೀಠದ ಮೇಲೆ ಕೂಡುವ ಯೋಗ್ಯತೆ ನನಗಿಲ್ಲ.

ಆದುದರಿಂದ ಹೇಳುತ್ತೇನೆ. ‘ಅವನಿಗೆಲ್ಲ ಗೊತ್ತಾಗುತ್ತದಂತೆ’ ಎಂದು ಯಾರಾದರೂ ಪಿಸುಗುಟ್ಟಿದರೆ, ಹೇಗೆ ಗೊತ್ತಾಗುತ್ತದೆ ಎಂದು ಕೇಳಿ. ಉತ್ತರ ಸಿಕ್ಕದಿದ್ದರೆ ಆ ಮಾತನ್ನು ಮುಂದಿನ ಮನೆಗೆ ಒಯ್ಯಬೇಡಿ. ಹೆದರಿಕೆ ನಿಜವಾಗಿಯೂ ಇದ್ದರೆ, ನಿಮ್ಮನ್ನು ನಂಬಿದವರ ಹತ್ತಿರ ಹೋಗಿ ‘ನನಗೆ ಹೆದರಿಕೆಯಾಗಿದೆ’ ಎಂದು ಮೊದಲೇ ಹೇಳಿ. ಹೂಂ ಎಂದು ಹೇಳಿ ಕೈ ಬಿಡಬೇಡಿ. ಆ ತಾಯಿ ಈ ವಾರ ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿದ್ದಾಳೆ. ಅದರ ಕೆಳಗೆ ಇಂದಿನವರೆಗೆ ಇರುವುದು ಒಂದೇ ಸಹಿ. ಇಲ್ಲಿಂದ ಏಳುವಾಗ ನೇರ ಮನೆಗೆ ಹೋಗಬೇಡಿ. ಆಕೆಯ ಬಾಗಿಲಿಗೆ ಹೋಗಿ, “ಅರ್ಜಿ ಎಲ್ಲೈತಿ, ಕೊಡವ್ವ” ಎಂದು ಕೇಳಿ. ನಾನು ಮುಂದೆ ನಡೆಯುತ್ತೇನೆ.