ದೊಡ್ಡ ಜೋಡಿ

ರಿಪೇರಿಗೆ ಕೊಟ್ಟಿದ್ದ ರೇಡಿಯೊಗಾಗಿ ದರ್ಜಿ ಹೆಂಗಸು ಅಂಗಡಿಯ ಬೆಂಚಿನ ಮೇಲೆ ಕಾದಿದ್ದಳು. ಪಕ್ಕದ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ನಡುವಯಸ್ಸಿನ ಗಂಡ ಹೆಂಡತಿ ಆಳೆತ್ತರದ ಸ್ಪೀಕರುಗಳ ಮುಂದೆ ಕೂತು ಹಾಡು ಹಾಕಿಸಿ ನೋಡುತ್ತಿದ್ದರು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

"ಈ ದೊಡ್ಡದು ನಮ್ಮ ಕೋಣೆಗೆ ಆಗಲ್ಲ ರೀ. ಗೋಡೆಗೆ ಆತುಕೊಂಡು ನಿಲ್ಲತ್ತೆ, ಮನೆಯೆಲ್ಲ ಗುಂಯ್ ಅನ್ನತ್ತೆ."

"ಆಮೇಲೆ ಹಾಕಿದ ಸಣ್ಣ ಜೋಡಿ? ಅದರಲ್ಲಿ ಪಿಟೀಲು ಚೆನ್ನಾಗಿತ್ತಾ?"

"ನೀವೇ ಹೇಳಿ. ನಿಮಗೇ ತಾನೆ ತಗೊಳ್ತಿರೋದು."

"ನಂಗೆ ಪಿಟೀಲು ಕೇಳಿಸ್ಲೇ ಇಲ್ಲ."



"ಹೋದ ತಿಂಗಳು ಕೇಳಿಸ್ತಿತ್ತಲ್ಲ?"

"ಮೇಲಿನ ಸ್ವರ ಮೊದಲು ಹೋಗತ್ತೆ ಅಂತ ಡಾಕ್ಟರು ಹೇಳಿರ್ಲಿಲ್ವಾ? ಮೃದಂಗ ಇನ್ನೂ ಇದೆ."

"ಹಾಗಾದ್ರೆ ದೊಡ್ಡದೇ ಇರಲಿ. ಮೃದಂಗ ಅದರಲ್ಲೇ ಎದೆಗೆ ಬಂದು ತಟ್ಟತ್ತೆ."

"ಬೇಡ, ನಿನ್ನ ತಲೆ ಚಿಟ್ಟು ಹಿಡಿಯತ್ತೆ. ನನ್ನ ಕಿವಿ ಪೂರ್ತಿ ಹೋದಮೇಲೂ ನೀನು ಕೇಳ್ಬೇಕು."

"ನಾನು ಯಾವತ್ತಾದ್ರೂ ಒಬ್ಬಳೇ ಹಾಡು ಹಾಕ್ಕೊಂಡು ಕೂತಿದೀನಾ?"

ದರ್ಜಿ ತನ್ನ ಕೈಗಳನ್ನು ನೋಡುತ್ತ ಕೂತಳು.

"ಬೀರು ಹೊರಗೆ ಹಾಕೋಣ," ಎಂದಳು ಹೆಂಡತಿಯೇ. "ಆಗ ಇವನ್ನ ಗೋಡೆಯಿಂದ ಮುಂದಕ್ಕೆ ತರ್ಬಹುದು, ಗುಂಯ್ ಅನ್ನಲ್ಲ."

"ನಿನ್ನ ಬಟ್ಟೆಗಳು?"

"ಎಲ್ಲಾದ್ರೂ ಬಿದ್ದಿರ್ತವೆ. ಏಳಿ ಈಗ."

ಇಬ್ಬರೂ ಹೊರಬಂದು ದೊಡ್ಡ ಜೋಡಿಯನ್ನೇ ಮನೆಗೆ ಕಳಿಸಲು ಹೇಳಿದರು. ಬಾಗಿಲು ದಾಟುವಾಗ ಅಂಗಡಿಯವನು ಹಿಂದಿನಿಂದ, "ಹೋಗಿ ಬನ್ನಿ ಸಾರ್," ಎಂದ. ಗಂಡ ತಿರುಗಲಿಲ್ಲ. ಹೆಂಡತಿಯೇ ತಿರುಗಿ, "ಬರ್ತೀವಿ," ಎಂದಳು.