ಅಳಿಸಿದ ಗೆರೆ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದರ್ಜಿಗೆ, ಬೇಡವೆಂದರೂ ಪಕ್ಕದ ಅತ್ತೆ ಸೊಸೆಯರ ಪಿಸುಮಾತು ಕಿವಿಗೆ ಬೀಳುತ್ತಿತ್ತು. ಸೊಸೆಯ ತೊಡೆಯ ಮೇಲೆ ಮಗು ಮಲಗಿತ್ತು.

“ಕ್ಷಯದ ಪರೀಕ್ಷೆಗೆ ಮಗು ಕೈಗೆ ಚುಚ್ಚಿದ ಜಾಗ ಎಷ್ಟು ಊದಿದೆ ನೋಡಿ ಅತ್ತೆ. ಊದಿದ್ರೆ ಸೋಂಕು ತಗುಲಿರಬಹುದು ಅಂದಿದ್ರಲ್ಲ. ನರ್ಸ್ ಸುತ್ತ ಎಳೆದಿದ್ದ ಪೆನ್ನಿನ ಗೆರೆ ಎಲ್ಲಿ?”

“ಸ್ನಾನ ಮಾಡಿಸುವಾಗ ಉಜ್ಜಿಬಿಟ್ಟೆ. ಸೊಳ್ಳೆ ಕಚ್ಚಿದ್ದು ಅಂದ್ಬಿಡು.”

“ಗೆರೆ ಅಳಿಸಿದ್ರೆ ಊತ ಇಳಿಯತ್ತಾ?”

“ಮನೇಲಿ ಯಾರಿಗೆ ಕೆಮ್ಮು ಅಂತ ಕೇಳ್ತಾರೆ ಕಣೇ.”

“ಕೇಳ್ಲಿ. ಮಡಿಲಲ್ಲಿ ಕೆಂಡ ಕಟ್ಕೊಂಡು ಎಷ್ಟು ದಿನ ಇರ್ತೀರಾ?”

“ನಾನು ಶಿಶುವಿಹಾರದಲ್ಲಿ ಹನ್ನೆರಡು ಮಕ್ಕಳನ್ನ ಎತ್ತಿ ಆಡಿಸೋಳು. ಗೊತ್ತಾದ್ರೆ ಕೆಲಸ ಹೋಗತ್ತೆ.”

“ಗೊತ್ತಾಗದಿದ್ರೆ, ಆ ಹನ್ನೆರಡು ಮಕ್ಕಳು?”

ಅತ್ತೆ ಸೆರಗನ್ನು ಬಾಯಿಗೊತ್ತಿ ಕೆಮ್ಮಿದರು. ಅಷ್ಟರಲ್ಲಿ ನರ್ಸ್ ಕರೆದಳು.

“ಕೊಡು, ನಾನು ಎತ್ಕೊಳ್ತೀನಿ,” ಅತ್ತೆ ಕೈ ಚಾಚಿದರು.

ಸೊಸೆ ಮಗುವನ್ನು ಆಚೆಯ ಹೆಗಲಿಗೆ ಹಾಕಿಕೊಂಡು ಒಳಗೆ ನಡೆದಳು. ಅತ್ತೆ ಚಾಚಿದ ಕೈ ಮಡಚುವುದನ್ನೂ ಮರೆತು ಹಿಂದೆಯೇ ಹೋದರು.